ಬಚ್ಚಲ ಜಾಳಿಯೂ ಒಗೆಯುವ ಯಂತ್ರದ ಕೊಳವೆಯೂ

ಅರಿವೆ ಒಗೆಯುವ ಯಂತ್ರವು ಈಗ ಸೊಲ್ಲಾಪುರದ ಪೇಟೆಯವರ ಸೊತ್ತಾಗಿಯೇ ಉಳಿದಿಲ್ಲ. ಅಕ್ಕಲಕೋಟ ತಾಲೂಕಿನ ನಮ್ಮ ಹಳ್ಳಿಗಳಲ್ಲಿಯೂ ಅದು ಬಂದು ಕೂತಿದೆ. ಹೆಣ್ಣುಮಕ್ಕಳ ರಟ್ಟೆಗೆ ಅದರಿಂದ ವಿಶ್ರಾಂತಿ ದೊರೆತುದು ಸಂತೋಷದ ಸಂಗತಿ. ಆದರೆ ಯಂತ್ರ ಕೊಳ್ಳುವಾಗ ಬೆಲೆಯನ್ನೂ ಬಣ್ಣವನ್ನೂ ವಿಚಾರಿಸುವ ನಾವು, ಅದರ ಹೊಲಸು ನೀರಿನ ಕೊಳವೆ ಎಲ್ಲಿ ಹೋಗಿ ಮುಗಿಯಬೇಕೆಂಬುದನ್ನು ವಿಚಾರಿಸುವುದಿಲ್ಲ. ಬಚ್ಚಲ ಜಾಳಿಯನ್ನು ಕಿತ್ತು ಪಕ್ಕಕ್ಕಿಟ್ಟು, ಕೊಳವೆಯನ್ನು ಮೋರಿಯ ಬಾಯಲ್ಲಿ ತುರುಕಿದರೆ ಕೆಲಸವಾಯಿತೆಂದು ತಿಳಿಯುತ್ತೇವೆ.

ನಾವೂ ಹಾಗೆಯೇ ಮಾಡಿದ್ದೆವು. ಒಂದು ದಿನ ನೀರು ಬಿಟ್ಟ ರಭಸಕ್ಕೆ ಕೊಳವೆ ಪುಟಿದು ಹೊರಬಿತ್ತು. ನೀರು ಬಚ್ಚಲ ಹೊಸ್ತಿಲು ದಾಟಿ ಪಕ್ಕದ ಕೋಣೆಗೆ ಹೋಯಿತು. ಅಲ್ಲಿ ಹಿಂಗಾರಿ ಬಿತ್ತನೆಗೆಂದು ಇಟ್ಟಿದ್ದ ಮಾಲದಂಡಿ ಜೋಳದ ಚೀಲವಿತ್ತು. ಮೂರನೆಯ ದಿನ ನೋಡುವಷ್ಟರಲ್ಲಿ ತಳದ ಕಾಳೆಲ್ಲ ಮೊಳೆತು ಮುಗ್ಗಿತ್ತು. ಬೀಜವನ್ನು ಮತ್ತೆ ಕೊಳ್ಳಬಹುದು. ಅದೇ ನೀರಿನಲ್ಲಿ ಮನೆಯ ಹಿರಿಯರು ಕಾಲು ಜಾರಿ ಬಿದ್ದಿದ್ದರೆ ಮುರಿದ ಸೊಂಟವನ್ನು ಎಲ್ಲಿಂದ ಕೊಳ್ಳುವುದು?

ಜಾಳಿ ಕೀಳುವುದರಲ್ಲಿ ಇನ್ನೊಂದು ಕೇಡು ಅಡಗಿದೆ. ಜಾಳಿಯ ಕೆಳಗೆ ಗೌಂಡಿಗಳು 'ನಹಾನಿ ಟ್ರ್ಯಾಪ್' ಎಂದು ಕರೆಯುವ ಬಟ್ಟಲೊಂದಿರುತ್ತದೆ. ನೀರು ಅದರೊಳಗೆ ಇಳಿದು, ಬಾಗಿ, ಮತ್ತೆ ತುಸು ಮೇಲೇರಿ ಹೊರಗೆ ಹೋಗುತ್ತದೆ. ಆ ಬಾಗಿನಲ್ಲಿ ಸುಮಾರು ೨ ಇಂಚು ನೀರು ಯಾವಾಗಲೂ ನಿಂತಿರತಕ್ಕದ್ದು. ಹೀಗೆ ನಿಂತ ನೀರೇ ಗಟಾರಕ್ಕೂ ಮನೆಗೂ ನಡುವಿನ ಬಾಗಿಲು. ಹೊಲಸು ಗಾಳಿಯೂ ಜಿರಲೆಯೂ ಮೇಲೆ ಬಾರದಂತೆ ಅದು ತಡೆಯುತ್ತದೆ. ೧೭೭೫ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರಗಾರನು ಶೌಚದ ಪಾತ್ರೆಗೆ ಇಂಥ ಬಾಗಿದ ಕೊಳವೆಯನ್ನು ಜೋಡಿಸಿ ಪೇಟೆಂಟ್ ಪಡೆದನು.

ಈ ಬಾಗಿಲು ತೆರೆದರೆ ಏನಾದೀತೆಂಬುದಕ್ಕೆ ೨೦೦೩ರ ಹಾಂಗ್‌ಕಾಂಗ್ ಸಾಕ್ಷಿ. ಅಮೋಯ್ ಗಾರ್ಡನ್ಸ್ ಎಂಬ ಬಹುಮಹಡಿ ವಸತಿಯಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿಗೆ ಸಾರ್ಸ್ ರೋಗ ತಗಲಿತು. ಸ್ನಾನದ ಮನೆಯ ನೆಲಕ್ಕೆ ನೀರು ಸುರಿಯದೆ ಬರೀ ಒರೆಸುತ್ತಿದ್ದುದರಿಂದ ನೆಲದ ಮೋರಿಯ ಟ್ರ್ಯಾಪುಗಳು ಒಣಗಿದ್ದವೆಂದೂ, ರೋಗದ ಹನಿಗಳು ಅಲ್ಲಿಂದ ಮನೆಯೊಳಕ್ಕೆ ಬಂದಿರಬೇಕೆಂದೂ ತನಿಖೆ ನಡೆಸಿದವರು ಹೇಳಿದರು. ನಮ್ಮಲ್ಲಿ ಅಷ್ಟು ಮಹಡಿಗಳಿಲ್ಲ, ನಿಜ. ಆದರೆ ತೆರೆದ ಗಟಾರವೂ ಅದರ ಹೊಲಸು ನೀರಿನಲ್ಲಿ ಹುಟ್ಟುವ ಸೊಳ್ಳೆಯೂ ನಮ್ಮಲ್ಲಿ ಉಂಟು.

ಆದ್ದರಿಂದ ಜಾಳಿಯನ್ನು ಕೀಳದೆ, ಕೊಳವೆಗೆಂದೇ ತೂತು ಬಿಟ್ಟ ಜಾಳಿಯನ್ನು ತಂದು ಕೂಡಿಸಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ 'ಹೋಲ್ ಇರುವ ಜಾಳಿ' ಎಂದರೆ ಕೊಡುತ್ತಾರೆ. ಅಳತೆಯಿಲ್ಲದೆ ಹೋಗಕೂಡದು. ಹಳೆಯ ಜಾಳಿಯ ಚೌಕಟ್ಟನ್ನು ಹೊರಗಿನಿಂದ ಅಳೆಯಿರಿ. ಕೊಳವೆಯ ತುದಿಗೆ ದಾರ ಸುತ್ತಿ, ಅದರ ಉದ್ದವನ್ನು ೩.೧೪ ರಿಂದ ಭಾಗಿಸಿರಿ. ಸುತ್ತಳತೆ ೪ ಇಂಚು ಬಂದರೆ ಕೊಳವೆಯ ಅಡ್ಡಳತೆ ೧¼ ಇಂಚಿಗೆ ತುಸು ಹೆಚ್ಚು. ಏಳನೆಯ ಇಯತ್ತೆಯ ಹುಡುಗನಿಗೆ ಹೇಳಿದರೆ ಲೆಕ್ಕ ಮಾಡಿಕೊಟ್ಟಾನು. ಶಾಲೆಯ ಗಣಿತ ಮನೆಗೆ ಬಂದಂತೆಯೂ ಆಯಿತು. ಸಾಬೂನಿನ ನೀರಿಗೆ ಕಬ್ಬಿಣ ತುಕ್ಕು ಹಿಡಿಯುವುದರಿಂದ ಸ್ಟೀಲಿನದನ್ನೇ ಆರಿಸಬೇಕು. ಚೌಕಟ್ಟು ನೆಲದಲ್ಲಿ ಉಳಿದು, ಮುಚ್ಚಳ ಮಾತ್ರ ಮೇಲೆ ಎತ್ತಲು ಬರುವಂತಿರಬೇಕು.

ಕೆಲಸಕ್ಕೆ ಮೊದಲು ಯಂತ್ರದ ಪ್ಲಗ್ ಕಿತ್ತಿಡಿರಿ. ಟ್ರ್ಯಾಪಿನ ಬಾಯಿಗೆ ಹಳೆಯ ಅರಿವೆ ತುರುಕಿ ಚೌಕಟ್ಟನ್ನು ಉಳಿಯಿಂದ ಬಿಡಿಸಿರಿ. ಇಲ್ಲವಾದರೆ ಸಿಮೆಂಟಿನ ಚೂರು ಒಳಗೆ ಬಿದ್ದು ದಾರಿ ಕಟ್ಟುತ್ತದೆ. ಹೊಸ ಚೌಕಟ್ಟು ಫರಶಿಗಿಂತ ತುಸು ತಗ್ಗಿನಲ್ಲಿ ಕೂಡಬೇಕು. ಎತ್ತರವಾದರೆ ಸುತ್ತಲೂ ನೀರು ನಿಲ್ಲುವುದು. ಬಿಳಿ ಸಿಮೆಂಟು ತುಂಬಿ ಒಂದು ದಿನ ಒಣಗಲು ಬಿಡಿರಿ. ತುರುಕಿದ ಅರಿವೆಯನ್ನು ಹೊರತೆಗೆಯಲು ಮಾತ್ರ ಮರೆಯಬೇಡಿರಿ.

ಇನ್ನು ಮುಖ್ಯ ಮಾತು. ಕೊಳವೆ ತೂತಿನಲ್ಲಿ ಬಿಗಿಯಾಗಿ ನಿಲ್ಲಬೇಕು. ಸಡಿಲಿದ್ದರೆ ರಬ್ಬರಿನ ಬಳೆ ಹಾಕಿರಿ. ಆದರೆ ಅದರ ತುದಿ ಟ್ರ್ಯಾಪಿನಲ್ಲಿ ನಿಂತ ನೀರನ್ನು ಮುಟ್ಟಕೂಡದು. ಮುಟ್ಟಿದರೆ ನೀರು ಹೋಗುವುದು ತಡೆಯುತ್ತದೆ, ಒಮ್ಮೊಮ್ಮೆ ಹೊಲಸು ಹಿಂದಕ್ಕೂ ಎಳೆಯಲ್ಪಡುತ್ತದೆ. ಮುಚ್ಚಳ ತೆಗೆದು, ನಿಂತ ನೀರು ಎಷ್ಟು ಕೆಳಗಿದೆಯೆಂದು ಕಡ್ಡಿಯಿಂದ ಅಳೆದು, ಅದಕ್ಕಿಂತ ಒಂದು ಇಂಚಾದರೂ ಮೇಲೆ ತುದಿ ನಿಲ್ಲುವಂತೆ ಕೊಳವೆಗೆ ಗುರುತು ಹಾಕಿರಿ. ಸುತ್ತಲಿನ ಸೀಳುಗಳನ್ನು ಮುಚ್ಚಬೇಡಿರಿ. ಸ್ನಾನದ ನೀರು ಹೋಗಬೇಕಾದದ್ದು ಅವುಗಳಿಂದಲೇ.

ಎರಡು ಡಬ್ಬಿಯ ಯಂತ್ರದಲ್ಲಿ ನೀರು ಸಾಮಾನ್ಯವಾಗಿ ತನ್ನ ಭಾರದಿಂದಲೇ ಇಳಿಯುವುದು. ಅದರ ಕೊಳವೆಯನ್ನು ಹೊಸ್ತಿಲ ಮೇಲಿಂದ ಹಾಯಿಸಿದರೆ ನೀರು ಡಬ್ಬಿಯಲ್ಲೇ ಉಳಿದೀತು. ಮುಂದೆ ಬಾಗಿಲಿರುವ ಯಂತ್ರದ ರೀತಿ ಬೇರೆ. ಅದು ಪಂಪಿನಿಂದ ನೀರನ್ನು ತಳ್ಳುತ್ತದೆ. ಅದರ ಕೊಳವೆಯನ್ನು ಯಂತ್ರದ ಜೊತೆಗೆ ಬಂದ ಪುಸ್ತಕದಲ್ಲಿ ಹೇಳಿದ ಎತ್ತರಕ್ಕೆ ಏರಿಸಿ ಆಮೇಲೆ ಇಳಿಸಬೇಕು. ಇಲ್ಲವಾದರೆ ತುಂಬಿದ ನೀರು ತುಂಬಿದಂತೆ ಸೋರಿಹೋಗುತ್ತದೆ.

ಕೂಡಿಸಿದ ಮೇಲೆ ಡಬ್ಬಿ ತುಂಬ ನೀರು ಬಿಟ್ಟು ಎದುರಿಗೇ ನಿಂತು ನೋಡಿರಿ. ಸೀಳುಗಳಿಂದ ನೀರು ಮೇಲೆ ಉಕ್ಕಿದರೆ ಹೊರಗಿನ ಪೈಪು ಸಣ್ಣದಿದೆ, ಇಲ್ಲವೆ ಕಟ್ಟಿದೆ. ಅರಿವೆಯ ಎಳೆ, ಕೂದಲು ಸೇರಿ ಗಂಟಾಗುವುದರಿಂದ ವಾರಕ್ಕೊಮ್ಮೆ ಮುಚ್ಚಳ ಎತ್ತಿ ಕೈಯಾಡಿಸಬೇಕು.

ಹೊರಗೆ ಬಿದ್ದ ನೀರನ್ನು ಗೋಡೆಯ ಬುಡದಲ್ಲಿ ಇಂಗಿಸುವುದಂತೂ ಬೇಡ. ನಮ್ಮ ಎರೆಮಣ್ಣು ಹಸಿಯಾದಾಗ ಉಬ್ಬಿ, ಒಣಗಿದಾಗ ಬಿರಿದು ತಳಪಾಯವನ್ನು ಅಲುಗಿಸುತ್ತದೆ. ಇಂಗುಗುಂಡಿಯನ್ನು ಮನೆಯಿಂದಲೂ ಬಾವಿಯಿಂದಲೂ ದೂರ ತೆಗೆದು, ಸಾಧ್ಯವಾದರೆ ಎರೆ ದಾಟಿ ಮುರುಮು ಸಿಗುವವರೆಗೆ ಅಗೆಯಬೇಕು; ಬರೀ ಎರೆಯಲ್ಲಿ ನೀರು ಬೇಗ ಇಂಗುವುದಿಲ್ಲ. ಮೊದಲ ಸಾಬೂನಿನ ನೀರಿನಲ್ಲಿ ಉಪ್ಪಿನಂಶ ಹೆಚ್ಚು. ಅದನ್ನು ಗಿಡಗಳಿಗೆ ಹಾಯಿಸಿದರೆ ಎರೆ ಗಟ್ಟಿಯಾಗುತ್ತದೆ. ಕಡೆಯ ಸಲ ಜಾಲಿಸಿದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಹಿತ್ತಲ ತೆಂಗಿಗೆ ಹಾಕಬಹುದು.

ಸುಗ್ಗಿಯಲ್ಲಿ ಮನೆ ಮುಚ್ಚಿ ಹೊಲದ ವಸ್ತಿಗೆ ಹೋಗಿ ನಿಲ್ಲುವವರು ಹೊರಡುವಾಗ ಬಚ್ಚಲ ಜಾಳಿಯ ಮೇಲೆ ಒಂದು ತಂಬಿಗೆ ನೀರು ಸುರಿದು ಹೋಗಬೇಕು. ಬೇಸಿಗೆಯಲ್ಲಾದರೆ ವಾರಕ್ಕೊಮ್ಮೆ ಬಂದು ಸುರಿಯಬೇಕು. ನಮ್ಮ ಬಿಸಿಲಿಗೆ ಆ ಎರಡು ಇಂಚು ನೀರು ಬಹಳ ದಿನ ತಾಳುವುದಿಲ್ಲ.