ಒಂದು ಹನಿ ರಕ್ತದ ಸಾಕ್ಷ್ಯ

ಜ್ವರ ಬಂದವರ ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಸ್ಲೈಡ್ ಮೇಲೆ ಸವರಿ ಮಲೇರಿಯಾ ಪರೀಕ್ಷೆ ಮಾಡುವುದು ನಮ್ಮ ಗ್ರಾಮೀಣ ಆರೋಗ್ಯ ವ್ಯವಸ್ಥೆಗೆ ಹೊಸತಲ್ಲ. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಅಡಗಿರುವ ಮಾರಕ ಶಿಲೀಂಧ್ರವನ್ನೂ ಇದೇ ರಕ್ತಲೇಪನ ಕೆಲವೊಮ್ಮೆ ತೋರಿಸಿಕೊಡಬಲ್ಲದು. ಚಾಮರಾಜನಗರ, ಗುಂಡ್ಲುಪೇಟೆಯಂತಹ ಊರುಗಳಿಗೆ ಈ ಸಂಗತಿ ಮುಖ್ಯವಾದುದು.

ಹಿಸ್ಟೊಪ್ಲಾಸ್ಮಾ ಶಿಲೀಂಧ್ರವನ್ನೇ ನೋಡೋಣ. ಹಕ್ಕಿ, ಬಾವಲಿಗಳ ಹಿಕ್ಕೆ ಬೆರೆತ ಮಣ್ಣಿನಲ್ಲಿ ಬೆಳೆಯುವ ಇದು ಉಸಿರಿನೊಡನೆ ದೇಹ ಸೇರುತ್ತದೆ. ಆರೋಗ್ಯವಂತರನ್ನು ಸಾಮಾನ್ಯವಾಗಿ ಬಾಧಿಸದು. ಆದರೆ ಎಚ್‌ಐವಿ ಸೋಂಕು ಉಲ್ಬಣಿಸಿದವರು, ಅಂಗಾಂಗ ಕಸಿಗೆ ಒಳಗಾದವರು, ದೀರ್ಘಕಾಲ ಸ್ಟೀರಾಯ್ಡ್ ಸೇವಿಸುವವರಲ್ಲಿ ಯಕೃತ್ತು, ಗುಲ್ಮ, ಅಸ್ಥಿಮಜ್ಜೆಗೆ ಹಬ್ಬಬಲ್ಲದು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ 19 ಅಪಾಯಕಾರಿ ಶಿಲೀಂಧ್ರಗಳ ಪಟ್ಟಿಯಲ್ಲಿ ಇದೂ ಇದೆ.

ಬಿಡದ ಜ್ವರ, ತೂಕ ಇಳಿಕೆ, ರಕ್ತಹೀನತೆ ಇದರ ಲಕ್ಷಣಗಳು. ಕ್ಷಯದ ಲಕ್ಷಣಗಳೂ ಇವೇ ಆದ್ದರಿಂದ ರೋಗಿಗೆ ಕ್ಷಯದ ಔಷಧಿ ಆರಂಭವಾಗಿ, ಅಮೂಲ್ಯ ದಿನಗಳು ಕಳೆದುಹೋಗುವ ಅಪಾಯವಿದೆ. ಪ್ರಯೋಗಾಲಯದಲ್ಲಿ ಶಿಲೀಂಧ್ರವನ್ನು ಬೆಳೆಸಿ ಗುರುತಿಸಲು ನಾಲ್ಕರಿಂದ ಆರು ವಾರ ಬೇಕಾಗಬಹುದು. ಅಷ್ಟು ಕಾಲ ರೋಗಿ ಬದುಕಿರಬೇಕಲ್ಲ?

ಲೀಶ್ಮನ್ ಬಣ್ಣ ಹಾಕಿದ ಲೇಪನದಲ್ಲಿ, ಬಿಳಿ ರಕ್ತಕಣಗಳ ಒಳಗೆ 2ರಿಂದ 4 ಮೈಕ್ರಾನ್ ಗಾತ್ರದ ಪುಟ್ಟ ಅಂಡಾಕಾರದ ಕೋಶಗಳು ಕಂಡರೆ ಅನುಮಾನ ಬಲವಾಗುತ್ತದೆ. ರಕ್ತಕಣ ಎಣಿಸುವ ಯಂತ್ರ ಸಂಖ್ಯೆಯನ್ನು ಕೊಡುತ್ತದೆ; ಕಣದೊಳಗಿನ ಶಿಲೀಂಧ್ರವನ್ನು ಗುರುತಿಸಲು ಅನುಭವಿ ಕಣ್ಣೇ ಬೇಕು. ಪನಾಮದಲ್ಲಿ ಈ ರೋಗವನ್ನು ಮೊದಲು ಗುರುತಿಸಿ 1906ರಲ್ಲಿ ವರದಿ ಮಾಡಿದ ಸ್ಯಾಮ್ಯುಯೆಲ್ ಡಾರ್ಲಿಂಗ್ ಅವರೇ ಇದನ್ನು ಪರೋಪಜೀವಿ ಎಂದು ಭಾವಿಸಿದ್ದರು. ಹಾಗಾಗಿ ಅಸ್ಥಿಮಜ್ಜೆ ಅಥವಾ ಆ್ಯಂಟಿಜೆನ್ ಪರೀಕ್ಷೆಯಂತಹ ದೃಢೀಕರಣ ಅಗತ್ಯ. ಸ್ಲೈಡ್‌ನಲ್ಲಿ ಏನೂ ಕಾಣದಿದ್ದ ಮಾತ್ರಕ್ಕೆ ರೋಗವಿಲ್ಲವೆಂದೂ ಹೇಳಲಾಗದು. ಸೋಂಕು ತೀವ್ರವಾಗಿ ಹರಡಿದಾಗಲೇ ಅದು ಹೆಚ್ಚಾಗಿ ಕಾಣಸಿಗುತ್ತದೆ.

ಗುಂಡ್ಲುಪೇಟೆಯ ಕೂಲಿಕಾರ್ಮಿಕನಿಗೆ ಸುಮಾರು 60 ಕಿಲೋಮೀಟರ್ ದೂರದ ಮೈಸೂರಿಗೆ ಹೋಗುವುದೆಂದರೆ ಅಂದಿನ ಕೂಲಿ ಕೈಬಿಟ್ಟಂತೆ. ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಜಿಲ್ಲೆಯ ಪ್ರಯೋಗಾಲಯ ತಂತ್ರಜ್ಞರಿಗೆ ಅಲ್ಲಿ ತರಬೇತಿ ಕೊಡಬಹುದು. ಅನುಮಾನದ ಸ್ಲೈಡ್‌ಗಳನ್ನು ಅಲ್ಲಿನ ತಜ್ಞರಿಗೆ ಕಳುಹಿಸುವ ವ್ಯವಸ್ಥೆ ಮಾಡಬಹುದು. ವೈದ್ಯರೂ ಪರೀಕ್ಷೆಯ ಚೀಟಿಯಲ್ಲಿ ‘ರೋಗನಿರೋಧಕ ಶಕ್ತಿ ಕಡಿಮೆ, ದೀರ್ಘ ಜ್ವರ’ ಎಂದು ಬರೆದರೆ ನೋಡುವವರು ಹೆಚ್ಚು ಹೊತ್ತು ನೋಡುತ್ತಾರೆ.

ಆಂಫೊಟೆರಿಸಿನ್, ಇಟ್ರಾಕೊನಜೋಲ್‌ನಂತಹ ಔಷಧಿಗಳಿಂದ ಈ ರೋಗವನ್ನು ಗುಣಪಡಿಸಬಹುದು. ಅವು ಸಕಾಲದಲ್ಲಿ ರೋಗಿಗೆ ದೊರೆಯಬೇಕಾದರೆ ಮೊದಲು ರೋಗದ ಹೆಸರು ಗೊತ್ತಾಗಬೇಕು. ಸೂಕ್ಷ್ಮದರ್ಶಕದ ಮುಂದೆ ಇನ್ನೂ ಹತ್ತು ನಿಮಿಷ ಕೂರುವ ತಾಳ್ಮೆಗೆ ಒಂದು ಜೀವ ಉಳಿಸುವ ಶಕ್ತಿಯಿದೆ.