ಮೀಟರಿನ ಈಚೆಗೆ

ಬ್ರಿಟನ್ನಿನ ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡುವ ಬಾಯ್ಲರು ಕೆಟ್ಟುನಿಂತರೆ ಒಂದು ರಾತ್ರಿ ಕಳೆಯುವುದೂ ಕಷ್ಟ. ಬೀದಿಯ ಕೊಳವೆಯಲ್ಲಿ ಹರಿದ ಅನಿಲವು ಮೀಟರನ್ನು ಹಾದು ಮನೆಯೊಳಕ್ಕೆ ಬರುತ್ತದೆ. ಮೀಟರಿನ ಈಚೆಗಿರುವ ಕೊಳವೆ, ಒಲೆ, ಬಾಯ್ಲರುಗಳು ಮನೆಯವರ ಸ್ವತ್ತು. ಅವುಗಳ ದುರಸ್ತಿಯನ್ನು ಯಾರು ಮಾಡಬೇಕು? ಊರಿನ ಸಣ್ಣ ಗುತ್ತಿಗೆದಾರನೋ, ಅನಿಲ ಮಾರುವ ದೊಡ್ಡ ಸಂಸ್ಥೆಯೋ? ಈ ಪೈಪೋಟಿ ಅಲ್ಲಿ ಹಳೆಯದು.

1949ರಲ್ಲಿ ಆ ದೇಶದ ಸಾವಿರಕ್ಕೂ ಮಿಕ್ಕಿದ ಅನಿಲೋದ್ಯಮಗಳು ರಾಷ್ಟ್ರೀಕೃತವಾಗಿ 12 ಪ್ರಾದೇಶಿಕ ಮಂಡಲಿಗಳಾದವು. ಮಂಡಲಿಗಳು ತಮ್ಮ ಮಳಿಗೆಗಳಲ್ಲಿ ಒಲೆ ಮಾರುತ್ತಿದ್ದವು. ಅದನ್ನು ಕೂಡಿಸಿಯೂ ಕೊಡುತ್ತಿದ್ದವು. 1986ರಲ್ಲಿ ಬ್ರಿಟಿಷ್ ಗ್ಯಾಸ್ ಷೇರುದಾರರ ಕಂಪನಿಯಾಯಿತು. ಮನೆಗಳಿಗೆ ಅನಿಲ ಮಾರುವ ಹಕ್ಕು ಬೇರೆ ಕಂಪನಿಗಳಿಗೂ ದೊರೆತದ್ದು 1996ರಿಂದ 1998ರ ಅವಧಿಯಲ್ಲಿ.

ದೊಡ್ಡ ಸಂಸ್ಥೆಯ ಬಲ ಹಣವೊಂದರಲ್ಲೇ ಇಲ್ಲ. ಮನೆಮನೆಗೂ ಅದರ ಬಿಲ್ಲು ಹೋಗುತ್ತದೆ. ಬಿಲ್ಲಿನ ಜೊತೆಗೆ ಜಾಹೀರಾತೂ ಹೋಗಬಲ್ಲದು. ತಿಂಗಳಿಗೆ ಇಂತಿಷ್ಟು ಕಟ್ಟಿದರೆ ವರ್ಷಕ್ಕೊಮ್ಮೆ ಬಾಯ್ಲರನ್ನು ಪರೀಕ್ಷಿಸಿ, ಕೆಟ್ಟಾಗ ಸರಿಪಡಿಸುವ ಕರಾರನ್ನೂ ಅದು ಮುಂದಿಡುತ್ತದೆ. ಏನೂ ಕೆಡದ ವರ್ಷದಲ್ಲಿಯೂ ಹಣ ಕಟ್ಟಲೇಬೇಕು ಎಂಬುದು ಬೇರೆಯ ಮಾತು! ಸಣ್ಣ ಗುತ್ತಿಗೆದಾರನಿಗೆ ಇರುವುದಾದರೋ ಒಂದು ವ್ಯಾನು, ಹತ್ಯಾರುಗಳ ಪೆಟ್ಟಿಗೆ, ಬಲ್ಲವರ ಬಾಯಿಮಾತು. ಎದುರಾಳಿಗಳೇ ಇಲ್ಲದ ಸಂಸ್ಥೆಯೊಂದು ಅನಿಲದ ಲಾಭದಿಂದ ದುರಸ್ತಿಯ ನಷ್ಟವನ್ನು ತುಂಬಿಕೊಂಡರೆ, ಆ ಅಗ್ಗದ ದರಕ್ಕೆ ಅವನು ಹೇಗೆ ದುಡಿದಾನು? ಎರಡು ವ್ಯವಹಾರಗಳ ಲೆಕ್ಕವನ್ನೂ ಬೇರೆ ಬೇರೆಯಾಗಿ ಇಡಿಸದೆ ಇದನ್ನು ಪತ್ತೆ ಹಚ್ಚುವುದು ಸುಲಭವಲ್ಲ.

ಹಾಗೆಂದು ಅಗ್ಗವಾದ ಕೆಲಸವೆಲ್ಲ ಒಳ್ಳೆಯದೆಂದಾಗಲಿ, ಚಿಕ್ಕವನ ಕೆಲಸವೆಲ್ಲ ಕಳಪೆಯೆಂದಾಗಲಿ ಹೇಳಲಾಗದು. ಅನಿಲದ ಕೆಲಸದಲ್ಲಿ ತಪ್ಪಿಗೆ ತೆರುವ ಬೆಲೆ ಮಾತ್ರ ಭೀಕರವಾದುದು. 1968ನೆಯ ಇಸವಿ ಮೇ 16ರ ಬೆಳಗ್ಗೆ ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಕಟ್ಟಡದ 18ನೆಯ ಮಹಡಿಯಲ್ಲಿ ಮಹಿಳೆಯೊಬ್ಬರು ಚಹಾ ಕಾಯಿಸಲೆಂದು ಬೆಂಕಿಕಡ್ಡಿ ಗೀರಿದರು. ಸೋರಿ ತುಂಬಿದ್ದ ಅನಿಲ ಸಿಡಿಯಿತು. ಕಟ್ಟಡದ ಒಂದು ಮೂಲೆ ಮೇಲಿನಿಂದ ಕೆಳಗಿನವರೆಗೆ ಕುಸಿದು ನಾಲ್ವರು ಮಡಿದರು. ಕಡ್ಡಿ ಗೀರಿದವರು ಬದುಕಿ ಉಳಿದರು. ಒಲೆಯ ಕೊಳವೆಯನ್ನು ಬಿಗಿದಿದ್ದ ಹಿತ್ತಾಳೆಯ ಕಳಪೆ ನಟ್ಟೊಂದು ಮುರಿದುದೇ ಸೋರಿಕೆಗೆ ಕಾರಣವಾಗಿತ್ತು.

ಈ ದುರಂತದ ಬಳಿಕ 1970ರಲ್ಲಿ ಅನಿಲದ ಕೆಲಸಗಾರರ ನೋಂದಣಿ ಆರಂಭವಾಯಿತು. ಮೊದಲು ಐಚ್ಛಿಕವಾಗಿದ್ದ ಅದು 1991ರಲ್ಲಿ ಕಡ್ಡಾಯವಾಯಿತು. 2009ರಿಂದ ‘ಗ್ಯಾಸ್ ಸೇಫ್ ರಿಜಿಸ್ಟರ್’ ಎಂಬ ಹೆಸರಿನ ಪಟ್ಟಿ ಆ ಕೆಲಸವನ್ನು ನಡೆಸುತ್ತಿದೆ. ಕಂಪನಿಯ ಕೆಲಸಗಾರನ ಜೇಬಿನಲ್ಲಿಯೂ ಒಂಟಿ ಗುತ್ತಿಗೆದಾರನ ಜೇಬಿನಲ್ಲಿಯೂ ಒಂದೇ ಬಗೆಯ ಗುರುತಿನ ಚೀಟಿ. ಅದರ ಹಿಂಬದಿಯಲ್ಲಿ ಆತನು ಯಾವ ಯಾವ ಕೆಲಸಕ್ಕೆ ಅರ್ಹನೆಂದು ಬರೆದಿರುತ್ತದೆ. ಬಾಗಿಲು ತೆರೆದ ಮನೆಯವರು ಮೊದಲು ಅದನ್ನು ತಿರುವಿ ಓದಿ, ಆಮೇಲೆ ಬಾಯ್ಲರಿನ ಬಳಿಗೆ ಕರೆದೊಯ್ಯಬಹುದು.