ಪ್ರಾಚೀನ ನಾಣ್ಯಗಳೆಂದು ಮಾರಲಾಗುವ ವಸ್ತುಗಳ ಕುರಿತು ಸಾರ್ವಜನಿಕರಿಗೆ ಮಾಹಿತಿ

ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯ, ತಿ.ನರಸೀಪುರದ ತ್ರಿವೇಣಿ ಸಂಗಮ, ತಲಕಾಡು ಹಾಗೂ ಸೋಮನಾಥಪುರಗಳಿಗೆ ಭೇಟಿ ನೀಡುವವರು, ಗಂಗರ ಅಥವಾ ಮೈಸೂರು ಅರಸರ ಕಾಲದ ನಾಣ್ಯವೆಂದು ಯಾರಾದರೂ ಮಾರಲು ಬಂದಲ್ಲಿ ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ಗುರುತಿಸುವ ಬಗೆ: ಹಳೆಯ ನಾಣ್ಯಗಳನ್ನು ಬಹುತೇಕ ಅಚ್ಚಿನಿಂದ ಒಂದೊಂದಾಗಿ ಬಡಿದು ಟಂಕಿಸಲಾಗುತ್ತಿತ್ತು. ಆದುದರಿಂದ ಒಂದು ನಾಣ್ಯ ಮತ್ತೊಂದನ್ನು ಪೂರ್ಣವಾಗಿ ಹೋಲುವುದಿಲ್ಲ. ಎರಕದ ನಕಲುಗಳ ಅಂಚಿನಲ್ಲಿ ಜೋಡಣೆಯ ಗೆರೆ, ಮೇಲ್ಮೈಯಲ್ಲಿ ಸೂಕ್ಷ್ಮ ರಂಧ್ರಗಳು ಹಾಗೂ ಹಲವು ಬಿಲ್ಲೆಗಳಲ್ಲಿ ಒಂದೇ ದೋಷ ಕಂಡುಬರಬಹುದು. ಕಂಠೀರವ ನರಸರಾಜ ಒಡೆಯರು (1638–1659) ಹೊರಡಿಸಿದ ಕಂಠೀರಾಯ ಹಣವು ಅರ್ಧ ಗ್ರಾಮಿಗಿಂತಲೂ ಕಡಿಮೆ ತೂಕದ ಚಿನ್ನದ ನಾಣ್ಯ. ಅಗಲವಾದ ಹಿತ್ತಾಳೆಯ ಬಿಲ್ಲೆ ಅದಾಗಲಾರದು. ರಾಮ, ಹನುಮಂತರ ಚಿತ್ರ ಹಾಗೂ 1818ನೇ ಇಸವಿಯುಳ್ಳ 'ಈಸ್ಟ್ ಇಂಡಿಯಾ ಕಂಪನಿ' ಬಿಲ್ಲೆಗಳು ಚಲಾವಣೆಯ ನಾಣ್ಯಗಳಲ್ಲ.

2. ಅಸಲಿ ನಾಣ್ಯವಾಗಿದ್ದಲ್ಲಿ: ಪುರಾವಸ್ತು ಮತ್ತು ಕಲಾನಿಧಿ ಅಧಿನಿಯಮ, 1972ರಂತೆ ನೂರು ವರ್ಷಕ್ಕೆ ಕಡಿಮೆಯಿಲ್ಲದ ನಾಣ್ಯವು ಪುರಾವಸ್ತುವಾಗಿದೆ. ಅದರ ವ್ಯಾಪಾರಕ್ಕೆ ಪರವಾನಗಿ ಕಡ್ಡಾಯ. ಖಾಸಗಿ ವ್ಯಕ್ತಿಗಳು ಅದನ್ನು ವಿದೇಶಕ್ಕೆ ಕೊಂಡೊಯ್ಯುವಂತಿಲ್ಲ. ಆದುದರಿಂದ ಪರವಾನಗಿಯಿಲ್ಲದೆ ಬೀದಿಯಲ್ಲಿ ಮಾರುವವನ ನಾಣ್ಯ ನಕಲಿಯಾದರೆ ಕೊಂಡವರಿಗೆ ಹಣ ನಷ್ಟ. ಅಸಲಿಯಾದರೆ ಆ ಮಾರಾಟವೇ ಕಾನೂನುಬಾಹಿರ. ಪ್ರಾಚೀನವೆಂದು ತೋರುವ ನಕಲನ್ನು ವಿದೇಶಕ್ಕೆ ಒಯ್ಯುವವರು, ಅದು ಪುರಾವಸ್ತುವಲ್ಲವೆಂಬ ಪ್ರಮಾಣಪತ್ರಕ್ಕಾಗಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ಮುಂಚಿತವಾಗಿ ಅರ್ಜಿ ಸಲ್ಲಿಸುವುದು.

3. ಹೊಲ, ಪಾಯ ಅಥವಾ ನದಿ ದಂಡೆಯಲ್ಲಿ ಹುದುಗಿದ್ದ ನಾಣ್ಯಗಳು ದೊರೆತಲ್ಲಿ: ಕರ್ನಾಟಕ ನಿಧಿ ನಿಕ್ಷೇಪ ಅಧಿನಿಯಮ, 1962ರಂತೆ ಜಿಲ್ಲಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸತಕ್ಕದ್ದು. ನಾಣ್ಯಗಳನ್ನು ತೊಳೆಯುವುದು, ಕರಗಿಸುವುದು, ಹಂಚಿಕೊಳ್ಳುವುದು ಸಲ್ಲದು. ದೊರೆತ ಸ್ಥಳದ ವಿವರ ಅಳಿದುಹೋದಲ್ಲಿ ಆ ಊರಿನ ಇತಿಹಾಸದ ಸಾಕ್ಷ್ಯವೂ ಅಳಿಯುತ್ತದೆ.

ವಂಚನೆಗೊಳಗಾದವರು ವಸ್ತುವನ್ನು ಹಾಗೆಯೇ ಉಳಿಸಿಕೊಂಡು ಸಮೀಪದ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಬಹುದು.